ಸವಾಲು ಗೆದ್ದ ಬ್ಯಾಂಕು

ಅಡಿಕೆ ಮಂಡಿಯ ಸಾಹುಕಾರರಿಂದ ಹಿಡಿದು ಕಬ್ಬಿಣದ ಅಂಗಡಿಯವರ ತನಕ, ವ್ಯಾಪಾರ ಮಾಡುವವರು ಬ್ಯಾಂಕಿಗೆ ಬಂದರೆ ಮೊದಲು ಕೇಳುವುದು ಸಿ.ಸಿ. ಖಾತೆ, ಅಂದರೆ ಕ್ಯಾಶ್ ಕ್ರೆಡಿಟ್. ಒಂದು ಮಿತಿ ಮಂಜೂರಾದರೆ ಅದರೊಳಗೆ ಬೇಕಾದಾಗ ತೆಗೆಯಬಹುದು, ಹಣ ಬಂದಾಗ ಕಟ್ಟಬಹುದು, ಬಳಸಿದ ಮೊತ್ತಕ್ಕೆ ಬಳಸಿದಷ್ಟು ದಿನದ ಬಡ್ಡಿ ಕೊಟ್ಟರೆ ಸಾಕು. ಸಾಗರ, ಶಿರಸಿ ಕಡೆಯ ಶಾಖೆಗಳಲ್ಲಿ ಇಂಥ ಖಾತೆಗಳನ್ನು ನೋಡಿಕೊಳ್ಳುವುದರಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಈ ಏರ್ಪಾಟು ಶುರುವಾದದ್ದು 1728ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ. ವಿಲಿಯಂ ಹಾಗ್ ಎಂಬ ವರ್ತಕನಿಗೆ ಗಿರಾಕಿಗಳಿಂದ ಬರಬೇಕಾದ ಹಣ ತಡವಾಗುತ್ತಿತ್ತು, ತಾನು ಕೊಡಬೇಕಾದ್ದು ಮಾತ್ರ ಕಾಯುತ್ತಿರಲಿಲ್ಲ. ಅವನ ಖಾತೆಯಲ್ಲಿ ಇರುವುದಕ್ಕಿಂತ 1,000 ಪೌಂಡ್ ಹೆಚ್ಚಿಗೆ ತೆಗೆಯಲು ಒಂದು ಹೊಸ ಬ್ಯಾಂಕು ಒಪ್ಪಿತು. ಆ ಪದ್ಧತಿ ಸ್ಕಾಟ್ಲೆಂಡಿನಲ್ಲೆಲ್ಲ ಹಬ್ಬಿ, ಬ್ರಿಟಿಷರ ಜೊತೆ ಭಾರತಕ್ಕೂ ಬಂತು. ಅಲ್ಲಿ ಇಬ್ಬರು ಜಾಮೀನುದಾರರ ಮಾತಿನ ಮೇಲೆ ಕೊಡುತ್ತಿದ್ದರು, ಇಲ್ಲಿ ಗೋದಾಮಿನ ದಾಸ್ತಾನಿನ ಮೇಲೆ ಕೊಡುತ್ತೇವೆ. ವ್ಯತ್ಯಾಸ ಅಷ್ಟೇ.

ಆ ಹೊಸ ಬ್ಯಾಂಕಿನ ಹೆಸರು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್. ವರ್ತಕನ ಕಷ್ಟ ಅರಿತು ಸಾಲದ ಹೊಸ ದಾರಿಯನ್ನೇ ತೆರೆದ ಆ ಸಂಸ್ಥೆ 280 ವರ್ಷಗಳ ಬಳಿಕ, 2008ರ ಅಕ್ಟೋಬರ್‌ನಲ್ಲಿ, ಬಾಗಿಲು ಹಾಕುವ ಹಂತಕ್ಕೆ ಬಂದು ಸರ್ಕಾರದ ಹಣದಿಂದ ಉಳಿಯಿತು. ಅದಕ್ಕೆ ಒಂದು ವರ್ಷ ಮುಂಚೆ ಅದೇ ಬ್ಯಾಂಕು ಜಗತ್ತಿನ ಅತಿ ದೊಡ್ಡ ಬ್ಯಾಂಕ್ ಖರೀದಿಯ ಸವಾಲಿನಲ್ಲಿ ಗೆದ್ದಿತ್ತು. ಸಾಲದ ಕಾಗದ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದವನಿಗೆ ಈ ಚರಿತ್ರೆ ಬಿಟ್ಟರೂ ಬಿಡದಂಥದ್ದು.

ಎಡಿನ್‌ಬರೊದಲ್ಲಿ ರಾಯಲ್ ಬ್ಯಾಂಕಿಗೂ ಹಿಂದಿನ ಬ್ಯಾಂಕೊಂದಿತ್ತು. 1695ರ ಜುಲೈನಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಕಾಯಿದೆ ಮಾಡಿ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸ್ಥಾಪಿಸಿ, 21 ವರ್ಷಗಳ ಏಕಸ್ವಾಮ್ಯ ಕೊಟ್ಟಿತ್ತು. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದಾದವು. ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ 1715ರಲ್ಲಿ ದಂಗೆ ಎದ್ದಾಗ, ಈ ಬ್ಯಾಂಕಿನ ಒಲವು ದಂಗೆಕೋರರ ಕಡೆಗಿದೆ ಎಂದು ಲಂಡನ್ನಿನ ಸರ್ಕಾರಕ್ಕೆ ಅನುಮಾನ ಬಂತು. ಏಕಸ್ವಾಮ್ಯದ ಅವಧಿ ಮುಗಿದ ಮೇಲೆ, 1727ರಲ್ಲಿ, ರಾಜನ ಸನ್ನದು ಪಡೆದು ರಾಯಲ್ ಬ್ಯಾಂಕ್ ಹುಟ್ಟಿತು. ಊರಿನ ಜನ ಒಂದನ್ನು ಹಳೆ ಬ್ಯಾಂಕು ಎಂದರು, ಇನ್ನೊಂದನ್ನು ಹೊಸ ಬ್ಯಾಂಕು ಎಂದರು.

ಹೊಸ ಬ್ಯಾಂಕು ಬಂದ ವರ್ಷವೇ ಹಳೆಯದನ್ನು ಮುಗಿಸಲು ಹೊರಟಿತು. ಆ ಕಾಲದಲ್ಲಿ ಪ್ರತಿ ಬ್ಯಾಂಕೂ ತನ್ನದೇ ನೋಟು ಹೊರಡಿಸುತ್ತಿತ್ತು. ನೋಟು ತಂದು ಕೊಟ್ಟವರಿಗೆ ತಕ್ಷಣ ನಾಣ್ಯ ಎಣಿಸಿ ಕೊಡಬೇಕು. ಆದರೆ ಹೊರಗಿರುವ ನೋಟುಗಳಷ್ಟು ನಾಣ್ಯ ಯಾವ ಬ್ಯಾಂಕಿನ ತಿಜೋರಿಯಲ್ಲೂ ಇರುವುದಿಲ್ಲ. ಹೊಸ ಬ್ಯಾಂಕು ಪ್ರತಿಸ್ಪರ್ಧಿಯ ನೋಟುಗಳನ್ನು ಸದ್ದಿಲ್ಲದೆ ಕೂಡಿಹಾಕಿ, ರಾಶಿ ರಾಶಿಯಾಗಿ ತಂದು ನಾಣ್ಯ ಕೊಡಿ ಎಂದಿತು. 1728ರ ಮಾರ್ಚ್‌ನಲ್ಲಿ ಹಳೆ ಬ್ಯಾಂಕು ಪಾವತಿ ನಿಲ್ಲಿಸಿ ಕೆಲ ತಿಂಗಳು ಬಾಗಿಲು ಹಾಕಬೇಕಾಯಿತು. ಆದರೂ ಅದು ಸಾಯಲಿಲ್ಲ. 1730ರಲ್ಲಿ ತನ್ನ ನೋಟಿನ ಮೇಲೆ ಹೊಸ ಷರತ್ತು ಅಚ್ಚುಹಾಕಿಸಿತು: ಕೇಳಿದ ಕೂಡಲೇ ನಾಣ್ಯ ಕೊಡುತ್ತೇವೆ, ಇಲ್ಲವೇ ಆರು ತಿಂಗಳ ನಂತರ ಬಡ್ಡಿ ಸೇರಿಸಿ ಕೊಡುತ್ತೇವೆ. ಹಠಾತ್ ದಾಳಿಗೆ ಆ ಷರತ್ತು ಗುರಾಣಿಯಾಯಿತು. ಒಬ್ಬರನ್ನೊಬ್ಬರು ಮುಗಿಸಲಾರೆವು ಎಂದು ಇಬ್ಬರಿಗೂ ಮನವರಿಕೆಯಾದ ಮೇಲೆ, ಸುಮಾರು 1750ರ ಹೊತ್ತಿಗೆ, ಪರಸ್ಪರರ ನೋಟುಗಳನ್ನು ಒಪ್ಪಿಕೊಳ್ಳಲು ರಾಜಿಯಾದರು. ಮುಂದೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಎರಡೂ ಬ್ಯಾಂಕುಗಳು ಒಂದೇ ನಗರದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಬದುಕಿ ಬೆಳೆದವು.

ಬೇರೆ ಬ್ಯಾಂಕುಗಳನ್ನು ಕೊಳ್ಳುವುದಕ್ಕೆ ಹೆಸರಾಗುವ ಮುನ್ನ ರಾಯಲ್ ಬ್ಯಾಂಕ್ ತಾನೇ ಮಾರಾಟದ ಕಟ್ಟೆಯ ಮೇಲೆ ನಿಂತಿತ್ತು ಎಂಬುದನ್ನು ಈಗ ನೆನೆಯುವವರು ಕಡಿಮೆ. 1981ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕು ಅದನ್ನು ಕೊಳ್ಳಲು ಮಾತುಕತೆ ಮುಗಿಸಿ ಒಪ್ಪಂದಕ್ಕೆ ಬಂತು. ಕೆಲವೇ ವಾರಗಳಲ್ಲಿ ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕು ಅದಕ್ಕಿಂತ ಹೆಚ್ಚಿನ ಬೆಲೆ ಕೂಗಿತು. ಪ್ರಕರಣ ಬ್ರಿಟನ್ನಿನ ಏಕಸ್ವಾಮ್ಯ ಮತ್ತು ವಿಲೀನ ಆಯೋಗದ ಮುಂದೆ ಹೋಯಿತು. 1982ರ ಜನವರಿಯಲ್ಲಿ ಆಯೋಗ ಎರಡೂ ಸವಾಲುಗಳನ್ನು ತಳ್ಳಿಹಾಕಿತು. ಬ್ಯಾಂಕಿನ ನಿರ್ಧಾರಗಳು ಎಡಿನ್‌ಬರೊದಿಂದ ಹೊರಗೆ ಹೋದರೆ ಸ್ಕಾಟ್ಲೆಂಡಿನ ಉದ್ಯಮಕ್ಕೂ ಜನರಿಗೂ ಹಾನಿ ಎಂಬುದು ಮುಖ್ಯ ಕಾರಣ. ಬೆಲೆ ಎಷ್ಟು ಎಂಬುದಕ್ಕಿಂತ ಬ್ಯಾಂಕು ಯಾರಿಗಾಗಿ ಇದೆ ಎಂಬುದನ್ನು ಆ ಆಯೋಗ ಮೊದಲು ಕೇಳಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ತೀರ್ಪು ಅದು.

ಆದರೆ ರಾಯಲ್ ಬ್ಯಾಂಕಿನವರು ಅದರಿಂದ ಬೇರೆಯದೇ ಪಾಠ ಕಲಿತರು. ಚಿಕ್ಕದಾಗಿದ್ದರೆ ಯಾರಾದರೂ ಬಂದು ನುಂಗುತ್ತಾರೆ, ಉಳಿಯಬೇಕಾದರೆ ದೊಡ್ಡದಾಗಬೇಕು. 1988ರಲ್ಲಿ ಅಮೆರಿಕದ ಸಿಟಿಜನ್ಸ್ ಬ್ಯಾಂಕನ್ನು ಕೊಂಡರು. ನಿಜವಾದ ಅವಕಾಶ ಬಂದದ್ದು 1999ರಲ್ಲಿ.

ಇಂಗ್ಲೆಂಡಿನ ನ್ಯಾಷನಲ್ ವೆಸ್ಟ್‌ಮಿನ್‌ಸ್ಟರ್, ಜನರ ಬಾಯಲ್ಲಿ ನ್ಯಾಟ್‌ವೆಸ್ಟ್, ಆಗ ಬ್ರಿಟನ್ನಿನ ದೊಡ್ಡ ಬ್ಯಾಂಕುಗಳಲ್ಲಿ ಒಂದು. ಆ ಸೆಪ್ಟೆಂಬರ್‌ನಲ್ಲಿ ಅದು ಲೀಗಲ್ ಅಂಡ್ ಜನರಲ್ ಎಂಬ ವಿಮಾ ಕಂಪನಿಯನ್ನು 1,070 ಕೋಟಿ ಪೌಂಡಿಗೆ ಕೊಳ್ಳುವುದಾಗಿ ಸಾರಿತು. ಷೇರುದಾರರಿಗೆ ಅದು ಹಿಡಿಸಲಿಲ್ಲ, ಷೇರಿನ ಬೆಲೆ ಕುಸಿಯಿತು. ಮೂರು ವಾರ ಕಳೆಯುವಷ್ಟರಲ್ಲಿ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಅಂದರೆ ಎಡಿನ್‌ಬರೊದ ಹಳೆ ಬ್ಯಾಂಕು, ನ್ಯಾಟ್‌ವೆಸ್ಟಿನ ಆಡಳಿತ ಮಂಡಳಿಯನ್ನು ಬದಿಗಿಟ್ಟು ನೇರವಾಗಿ ಅದರ ಷೇರುದಾರರ ಮುಂದೆ 2,080 ಕೋಟಿ ಪೌಂಡಿನ ಸವಾಲು ಇಟ್ಟಿತು. ಇದರ ಹಿಂದಿದ್ದವರು ಮುಖ್ಯಸ್ಥ ಪೀಟರ್ ಬರ್ಟ್. ನ್ಯಾಟ್‌ವೆಸ್ಟ್ ಖರ್ಚು ಜಾಸ್ತಿಯ ಬ್ಯಾಂಕು, ನಾವಾದರೆ ಕಡಿಮೆ ಖರ್ಚಿನಲ್ಲಿ ನಡೆಸಿ ನಿಮಗೆ ಹೆಚ್ಚು ಲಾಭ ಕೊಡುತ್ತೇವೆ ಎಂಬುದು ಅವರ ವಾದ.

ಹಳೆ ಬ್ಯಾಂಕು ಹೊರಟರೆ ಹೊಸ ಬ್ಯಾಂಕು ಸುಮ್ಮನಿರುತ್ತದೆಯೇ? ನವೆಂಬರ್ 29ರಂದು ರಾಯಲ್ ಬ್ಯಾಂಕ್ ತನ್ನ ಸವಾಲನ್ನು ಮುಂದಿಟ್ಟಿತು. ಮುಖ್ಯಸ್ಥ ಜಾರ್ಜ್ ಮ್ಯಾಥ್ಯೂಸನ್, ಅವರ ಜೊತೆಗೆ ಲೆಕ್ಕಪರಿಶೋಧಕ ವೃತ್ತಿಯಿಂದ ಬಂದಿದ್ದ ಉಪಮುಖ್ಯಸ್ಥ ಫ್ರೆಡ್ ಗುಡ್‌ವಿನ್. ಕೊಳ್ಳಹೊರಟ ಬ್ಯಾಂಕಿಗಿಂತ ಕೊಳ್ಳಬೇಕಾದದ್ದು ಸುಮಾರು ಮೂರು ಪಟ್ಟು ದೊಡ್ಡದು. ಸ್ಪೇನಿನ ಸ್ಯಾಂಟಾಂಡೇರ್ ಬ್ಯಾಂಕು ರಾಯಲ್ ಬ್ಯಾಂಕಿನ ಬೆನ್ನಿಗೆ ನಿಂತಿತು. ಚಳಿಗಾಲವೆಲ್ಲ ಎರಡೂ ಕಡೆಯವರು ಲಂಡನ್ನಿನ ಪಿಂಚಣಿ ನಿಧಿಗಳ, ವಿಮಾ ಕಂಪನಿಗಳ ಬಾಗಿಲು ತಟ್ಟಿದರು. ನೇರ ಜಗಳದಲ್ಲಿ ಗೆಲ್ಲಬೇಕಾದದ್ದು ಈ ದೊಡ್ಡ ಷೇರುದಾರರ ಮನಸ್ಸನ್ನೇ. ಯಾರು ಎಷ್ಟು ಖರ್ಚು ಕಡಿಮೆ ಮಾಡುತ್ತಾರೆ, ಎಷ್ಟು ಬೇಗ ಮಾಡುತ್ತಾರೆ ಎಂಬುದರ ಮೇಲೆ ಪೈಪೋಟಿ ನಡೆಯಿತು. ರಾಯಲ್ ಬ್ಯಾಂಕಿನ ಯೋಜನೆಯಲ್ಲಿ ಸುಮಾರು 18,000 ನೌಕರಿಗಳು ಹೋಗಬೇಕಿತ್ತು. 2000ದ ಫೆಬ್ರುವರಿ 11ರಂದು ಹಳೆ ಬ್ಯಾಂಕು ಸೋಲೊಪ್ಪಿತು. ಸುಮಾರು 2,100 ಕೋಟಿ ಪೌಂಡಿಗೆ ನ್ಯಾಟ್‌ವೆಸ್ಟ್ ಹೊಸ ಬ್ಯಾಂಕಿನ ಪಾಲಾಯಿತು.

ಈ ಖರೀದಿ ಚೆನ್ನಾಗಿಯೇ ಕೂಡಿಬಂತು. ಮಾತು ಕೊಟ್ಟದ್ದಕ್ಕಿಂತ ಬೇಗ ಎರಡು ಬ್ಯಾಂಕುಗಳ ಕಂಪ್ಯೂಟರ್ ವ್ಯವಸ್ಥೆ ಒಂದಾಯಿತು, ಲಾಭ ಏರಿತು. ಗುಡ್‌ವಿನ್ ಮುಖ್ಯಸ್ಥರಾದರು. 2004ರಲ್ಲಿ ಬ್ಯಾಂಕಿಂಗ್ ಸೇವೆಗಾಗಿ ಅವರಿಗೆ ‘ಸರ್’ ಪದವಿ ಸಿಕ್ಕಿತು. ಮರುವರ್ಷ ಎಡಿನ್‌ಬರೊ ವಿಮಾನ ನಿಲ್ದಾಣದ ಹತ್ತಿರದ ಗೋಗರ್‌ಬರ್ನ್‌ನಲ್ಲಿ 35 ಕೋಟಿ ಪೌಂಡ್ ವೆಚ್ಚದ ಹೊಸ ಪ್ರಧಾನ ಕಚೇರಿಯನ್ನು ರಾಣಿ ಎಲಿಜಬೆತ್ ಉದ್ಘಾಟಿಸಿದರು.

ಆದರೆ ಆ ಗೆಲುವಿನೊಳಗೆ ಒಂದು ಅಪಾಯ ಅಡಗಿತ್ತು. ಒಪ್ಪಿಗೆಯಿಲ್ಲದ ಖರೀದಿಯಲ್ಲಿ ಎದುರಿನ ಬ್ಯಾಂಕು ತನ್ನ ಪುಸ್ತಕಗಳನ್ನು ಬಿಚ್ಚಿ ತೋರಿಸುವುದಿಲ್ಲ. ಪ್ರಕಟವಾದ ಜಮಾಖರ್ಚು ನೋಡಿಯೇ ಬೆಲೆ ಕಟ್ಟಬೇಕು. ನ್ಯಾಟ್‌ವೆಸ್ಟಿನ ವಿಷಯದಲ್ಲಿ ಅಷ್ಟು ಸಾಕಾಗಿತ್ತು. ಅದು ಠೇವಣಿ ಪಡೆದು ಸಾಲ ಕೊಡುವ ಬ್ಯಾಂಕು, ಅದರ ದೋಷ ಖರ್ಚಿನಲ್ಲಿತ್ತು, ಆ ಖರ್ಚು ಎಲ್ಲರಿಗೂ ಕಾಣುವಂತಿತ್ತು. ಒಳಗೆ ನೋಡದೆ ಕೊಂಡರೂ ನಡೆಯುತ್ತದೆ ಎಂಬ ಧೈರ್ಯ ರಾಯಲ್ ಬ್ಯಾಂಕಿಗೆ ಬಂದದ್ದು ಅಲ್ಲಿಂದ.

2007ರಲ್ಲಿ ಸರದಿ ನೆದರ್ಲೆಂಡ್ಸಿನ ಎಬಿಎನ್ ಆಮ್ರೊ ಬ್ಯಾಂಕಿನದು. ಇದರ ಮೂಲ ದೊರೆ ವಿಲ್ಲೆಮ್ 1824ರಲ್ಲಿ ಸ್ಥಾಪಿಸಿದ ವ್ಯಾಪಾರಿ ಸಂಸ್ಥೆ. ಅದರ ಶಾಖೆ 1920ರಲ್ಲೇ ಕಲ್ಕತ್ತೆಗೆ ಬಂದಿತ್ತು. 2007ರ ಫೆಬ್ರುವರಿಯಲ್ಲಿ ಲಂಡನ್ನಿನ ಟಿಸಿಐ ಎಂಬ ಹೂಡಿಕೆ ನಿಧಿ, ತನ್ನ ಬಳಿ ಇದ್ದ ಸುಮಾರು ಶೇ 1ರಷ್ಟು ಷೇರಿನ ಬಲದ ಮೇಲೆ, ಬ್ಯಾಂಕನ್ನು ಒಡೆದು ಮಾರಿ ಇಲ್ಲವೇ ಇಡಿಯಾಗಿ ಮಾರಿ ಎಂದು ಪತ್ರ ಬರೆಯಿತು. ಏಪ್ರಿಲ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು 6,700 ಕೋಟಿ ಯೂರೊ ಬೆಲೆ ಕಟ್ಟಿ ಎಬಿಎನ್ ಆಡಳಿತದ ಒಪ್ಪಿಗೆ ಪಡೆಯಿತು. ರಾಯಲ್ ಬ್ಯಾಂಕ್, ಬೆಲ್ಜಿಯಂ ಮೂಲದ ಫೋರ್ಟಿಸ್ ಮತ್ತು ಸ್ಯಾಂಟಾಂಡೇರ್ ಕೂಟ ಕಟ್ಟಿಕೊಂಡು ಸುಮಾರು 7,100 ಕೋಟಿ ಯೂರೊ ಕೂಗಿದವು. ಗೆದ್ದರೆ ಮೂವರೂ ಹಂಚಿಕೊಳ್ಳುವುದು ಅವರ ಯೋಜನೆ.

ರಾಯಲ್ ಬ್ಯಾಂಕಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಎಬಿಎನ್ ಒಡೆತನದ ಷಿಕಾಗೊದ ಲಾಸಾಲ್ ಬ್ಯಾಂಕು. ಅಮೆರಿಕದಲ್ಲಿ ತನ್ನದಾಗಿದ್ದ ಸಿಟಿಜನ್ಸ್ ಜೊತೆ ಅದನ್ನು ಸೇರಿಸಬಹುದಿತ್ತು. ಇದನ್ನು ತಿಳಿದೇ ಎಬಿಎನ್ ಆಡಳಿತ ಲಾಸಾಲನ್ನು 2,100 ಕೋಟಿ ಡಾಲರಿಗೆ ಬ್ಯಾಂಕ್ ಆಫ್ ಅಮೆರಿಕಕ್ಕೆ ಮಾರಲು ಕರಾರು ಮಾಡಿತು. ಷೇರುದಾರರನ್ನು ಕೇಳದೆ ಹೇಗೆ ಮಾರಿದಿರಿ ಎಂದು ಡಚ್ ಷೇರುದಾರರ ಸಂಘ ನ್ಯಾಯಾಲಯಕ್ಕೆ ಹೋಯಿತು. ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ ಮಾರಾಟಕ್ಕೆ ತಡೆ ಕೊಟ್ಟಿತು, ಜುಲೈ 13ರಂದು ಸುಪ್ರೀಂ ಕೋರ್ಟು ಆ ತಡೆ ತೆಗೆದುಹಾಕಿತು. ಲಾಸಾಲ್ ಕೈತಪ್ಪಿತು.

ಯಾವುದಕ್ಕಾಗಿ ಹೊರಟಿದ್ದರೋ ಅದೇ ಇಲ್ಲವೆಂದ ಮೇಲೆ ಹಿಂದಿರುಗಬೇಕಿತ್ತು. ರಾಯಲ್ ಬ್ಯಾಂಕ್ ಹಿಂದಿರುಗಲಿಲ್ಲ. ಬೆಲೆಯನ್ನೂ ಇಳಿಸಲಿಲ್ಲ, ಬದಲಿಗೆ ಸವಾಲಿನಲ್ಲಿ ನಗದಿನ ಪಾಲನ್ನು ಶೇ 90ಕ್ಕಿಂತ ಮೇಲಕ್ಕೆ ಏರಿಸಿತು. ಆಗಸ್ಟ್‌ನಲ್ಲಿ ಮತ ಹಾಕಿದ ಅದರ ಷೇರುದಾರರಲ್ಲಿ ಶೇ 94.5ರಷ್ಟು ಮಂದಿ ಒಪ್ಪಿಗೆ ಕೊಟ್ಟರು. ಸೆಪ್ಟೆಂಬರ್ 14ರಂದು ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಠೇವಣಿದಾರರು ಹಣ ವಾಪಸ್ ಕೇಳಿ ಸಾಲುಗಟ್ಟಿದರು. ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡುವುದನ್ನೇ ನಿಲ್ಲಿಸಿದ್ದ ಕಾಲ ಅದು. ಅಕ್ಟೋಬರ್ 5ರಂದು ಬಾರ್ಕ್ಲೇಸ್ ಹಿಂದೆ ಸರಿಯಿತು. ಅದೇ ತಿಂಗಳು ಎಬಿಎನ್ ಆಮ್ರೊ ಕೂಟದ ಕೈಗೆ ಬಂತು.

ಎಬಿಎನ್ ಆಮ್ರೊ ಒಳಗೆ ಏನಿದೆ ಎಂದು ತಿಳಿಯಲು ರಾಯಲ್ ಬ್ಯಾಂಕಿಗೆ ಸಿಕ್ಕ ಮಾಹಿತಿ ಎಷ್ಟು? ಬ್ರಿಟನ್ನಿನ ಹಣಕಾಸು ಸೇವಾ ಪ್ರಾಧಿಕಾರ 2011ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ತನಿಖಾ ವರದಿ ಅದನ್ನು ದಾಖಲಿಸಿದೆ: ಎರಡು ಫೈಲು ಮತ್ತು ಒಂದು ಸಿ.ಡಿ. ಹತ್ತಾರು ದೇಶಗಳಲ್ಲಿ ಹರಡಿದ್ದ, ಸಂಕೀರ್ಣ ಸಾಲಪತ್ರಗಳ ವ್ಯಾಪಾರದಲ್ಲಿ ಆಳವಾಗಿ ಇಳಿದಿದ್ದ ಬ್ಯಾಂಕಿಗೆ 7,100 ಕೋಟಿ ಯೂರೊ ಕೂಗಿದ ಕೂಟದ ಮುಂದಾಳಿನ ಕೈಯಲ್ಲಿದ್ದದ್ದು ಅಷ್ಟು.

ನಮ್ಮ ಶಾಖೆಗಳಲ್ಲೂ ಟೇಕ್‌ಓವರ್ ಎಂಬ ಮಾತು ದಿನಾ ಕೇಳಿಬರುತ್ತದೆ. ಬೇರೆ ಬ್ಯಾಂಕಿನಲ್ಲಿರುವ ಸಾಲವನ್ನು ನಮ್ಮ ಬ್ಯಾಂಕಿಗೆ ತೆಗೆದುಕೊಳ್ಳುವುದಕ್ಕೆ ಹಾಗೆನ್ನುತ್ತೇವೆ. ಒಬ್ಬ ಮಂಡಿ ವ್ಯಾಪಾರಿಯ ಸಿ.ಸಿ. ಖಾತೆಯನ್ನು ಹಾಗೆ ತೆಗೆದುಕೊಳ್ಳಬೇಕಾದರೆ ಹಳೆ ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ಬೇಕು. ಅದನ್ನು ಸಾಲು ಸಾಲಾಗಿ ನೋಡಬೇಕು. ವಹಿವಾಟು ನಿಜವೋ, ಅಥವಾ ತಿಂಗಳ ಕೊನೆಗೆ ಅಣ್ಣತಮ್ಮಂದಿರ ಖಾತೆಗಳ ನಡುವೆ ಚೆಕ್ ಓಡಾಡಿಸಿದ್ದಾರೋ? ಚೆಕ್ ವಾಪಸಾದದ್ದು ಎಷ್ಟು ಸಲ? ಹಳೆ ಬ್ಯಾಂಕಿನಿಂದ ಅಭಿಪ್ರಾಯ ಪತ್ರ ತರಿಸಬೇಕು. ಅಡವಿನ ಮನೆಯ ಮೂಲ ಕ್ರಯಪತ್ರ, ಇ.ಸಿ., ಖಾತೆ ಉತಾರ ವಕೀಲರ ಕೈಗೆ ಹೋಗಿ ಅವರ ವರದಿ ಬರಬೇಕು. ಕಡೆಗೆ ಗೋದಾಮಿಗೆ ಹೋಗಿ ಚೀಲ ಎಣಿಸಬೇಕು. ಹೊರಗಿನ ಸಾಲಿನಲ್ಲಿ ಚಾಲಿ ಅಡಿಕೆ ಇದ್ದು ಒಳಗಿನ ಸಾಲಿನಲ್ಲಿ ಸಿಪ್ಪೆ ತುಂಬಿಟ್ಟಿದ್ದಾರೋ ಎಂದು ನಡುವಿನ ಚೀಲಕ್ಕೂ ಬಂಬು ಚುಚ್ಚಿ ನೋಡುವುದನ್ನು ನಾನು ಹಿರಿಯರಿಂದ ಕಲಿತೆ, ಕಿರಿಯರಿಗೂ ಕಲಿಸಿದೆ. ಈ ಯಾವುದನ್ನೂ ಬಿಟ್ಟು ಹತ್ತು ಲಕ್ಷದ ಸಾಲಕ್ಕೂ ಸಹಿ ಬೀಳಬಾರದು. ಬ್ಯಾಂಕನ್ನು ಕೊಳ್ಳುವುದೆಂದರೆ ಅದು ಕೊಟ್ಟ ಸಾಲಗಳನ್ನೆಲ್ಲ ಒಟ್ಟಿಗೆ ಟೇಕ್‌ಓವರ್ ಮಾಡುವುದೇ. ಕಟ್ಟಡ, ಹೆಸರು, ಶಾಖೆ ಎಲ್ಲ ಆಮೇಲಿನ ಮಾತು.

ಸವಾಲಿಗೆ ಇಬ್ಬರು ನಿಂತಾಗ ಈ ಓದುವ ಕೆಲಸಕ್ಕೇ ಸಮಯ ಇಲ್ಲದಾಗುತ್ತದೆ. ನಾನು ಪುಸ್ತಕ ಕೇಳಿ ಕೂತರೆ ಎದುರಾಳಿ ಸಹಿ ಮಾಡಿಸಿಕೊಂಡು ಹೋಗುತ್ತಾನೆ ಎಂಬ ಭಯ ಹತ್ತುತ್ತದೆ. ಎದುರಾಳಿಯೂ ಇಷ್ಟು ಬೆಲೆ ಕಟ್ಟಿದ್ದಾನಲ್ಲ, ಅವನು ನೋಡಿಯೇ ಇರಬೇಕು ಎಂಬ ಸಮಾಧಾನ ಇನ್ನೂ ಅಪಾಯಕಾರಿ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬೆಲೆ ಏರಿಸುತ್ತಾರೆ, ಸಾಲದ ಪುಸ್ತಕವನ್ನು ಯಾರೂ ಓದಿರುವುದಿಲ್ಲ.

ಫಲ ಬೇಗ ಬಂತು. 2008ರ ಏಪ್ರಿಲ್‌ನಲ್ಲಿ ರಾಯಲ್ ಬ್ಯಾಂಕ್ ತನ್ನ ಷೇರುದಾರರಿಂದಲೇ 1,200 ಕೋಟಿ ಪೌಂಡ್ ಬಂಡವಾಳ ಕೇಳಿತು. ಅದೂ ಸಾಲಲಿಲ್ಲ. ಅಕ್ಟೋಬರ್ 7ರ ಬೆಳಿಗ್ಗೆ ಬ್ರಿಟನ್ನಿನ ಹಣಕಾಸು ಸಚಿವ ಅಲಿಸ್ಟರ್ ಡಾರ್ಲಿಂಗ್ ಲಕ್ಸೆಂಬರ್ಗಿನಲ್ಲಿ ಯುರೋಪಿನ ಸಚಿವರ ಸಭೆಯಲ್ಲಿದ್ದಾಗ ಬ್ಯಾಂಕಿನ ಅಧ್ಯಕ್ಷ ಟಾಮ್ ಮೆಕಿಲಪ್ ಫೋನ್ ಮಾಡಿದರು. ಕೆಲವೇ ಗಂಟೆಗಳಲ್ಲಿ ಬ್ಯಾಂಕಿನಲ್ಲಿ ಹಣ ಮುಗಿಯುವ ಸ್ಥಿತಿ. ಅಕ್ಟೋಬರ್ 13ರಂದು ಸರ್ಕಾರ ಮೊದಲ ಕಂತಾಗಿ 2,000 ಕೋಟಿ ಪೌಂಡ್ ಘೋಷಿಸಿತು. ಒಟ್ಟು ಸುಮಾರು 4,550 ಕೋಟಿ ಪೌಂಡ್ ಜನರ ತೆರಿಗೆಯ ಹಣ ಹೋಯಿತು. ಆ ವರ್ಷದ ನಷ್ಟ 2,410 ಕೋಟಿ ಪೌಂಡ್, ಬ್ರಿಟನ್ನಿನ ಯಾವ ಕಂಪನಿಯೂ ಅಲ್ಲಿಯ ತನಕ ಕಂಡಿರದಷ್ಟು. ಬಂಡವಾಳ ತೆಳುವಾಗಿದ್ದದ್ದು, ದಿನದ ಲೆಕ್ಕದಲ್ಲಿ ಪೇಟೆಯಿಂದ ತಂದ ಸಾಲದ ಮೇಲೆ ನಿಂತಿದ್ದದ್ದು, ಜಗತ್ತಿನ ಹಣಕಾಸು ಬಿಕ್ಕಟ್ಟು, ಇವೆಲ್ಲವೂ ಕಾರಣಗಳೆಂದು ತನಿಖಾ ವರದಿ ಹೇಳುತ್ತದೆ. ಎಬಿಎನ್ ಖರೀದಿ ಆ ಪ್ರತಿಯೊಂದು ದೌರ್ಬಲ್ಯವನ್ನೂ ಹೆಚ್ಚಿಸಿತು.

ಜೊತೆಗಾರರ ಗತಿಯೂ ಓದತಕ್ಕದ್ದು. ಫೋರ್ಟಿಸ್ ಒಂದೇ ವರ್ಷದಲ್ಲಿ ಕುಸಿದು, 2008ರ ಅಕ್ಟೋಬರ್ 3ರಂದು ಅದರ ಡಚ್ ಭಾಗವನ್ನು ಅಲ್ಲಿನ ಸರ್ಕಾರ ಕೊಂಡಿತು. ಸ್ಯಾಂಟಾಂಡೇರ್ ತನ್ನ ಪಾಲಿಗೆ ಬಂದ ಇಟಲಿಯ ಆಂತೊನ್‌ವೆನೆತಾ ಬ್ಯಾಂಕನ್ನು ತಕ್ಷಣ 900 ಕೋಟಿ ಯೂರೊಗೆ ಮಾರಿಬಿಟ್ಟಿತು. ಕೊಂಡದ್ದು 1472ರಲ್ಲಿ ಹುಟ್ಟಿದ ಮಾಂಟೆ ದೆಯ್ ಪಾಸ್ಕಿ ಬ್ಯಾಂಕು. ಆ ಖರೀದಿಯ ಭಾರದಿಂದ ಅದು ಮತ್ತೆ ಚೇತರಿಸಿಕೊಳ್ಳಲಾಗದೆ 2017ರಲ್ಲಿ ಸರ್ಕಾರದ ಆಸರೆಗೆ ಬಂತು. ಸೋತ ಬಾರ್ಕ್ಲೇಸ್ ಸರ್ಕಾರದ ಬಂಡವಾಳ ಪಡೆಯದೆ ಉಳಿಯಿತು. ಎಡಿನ್‌ಬರೊದ ಹಳೆ ಬ್ಯಾಂಕು ಮಾತ್ರ ನ್ಯಾಟ್‌ವೆಸ್ಟ್ ಸೋಲಿನ ಬಳಿಕ 2001ರಲ್ಲಿ ಹ್ಯಾಲಿಫ್ಯಾಕ್ಸ್ ಬ್ಯಾಂಕಿನ ಜೊತೆ ಸೇರಿ, ಕಟ್ಟಡ ಉದ್ಯಮಕ್ಕೆ ಬೇಕಾಬಿಟ್ಟಿ ಸಾಲ ಕೊಟ್ಟು, 2008ರ ಅದೇ ಬಿರುಗಾಳಿಯಲ್ಲಿ ಲಾಯ್ಡ್ಸ್ ಬ್ಯಾಂಕಿನ ತೆಕ್ಕೆಗೆ ಬಿತ್ತು. 1728ರ ಜಗಳದಲ್ಲಿ ಉಳಿದುಕೊಂಡಿದ್ದ ಎರಡೂ ಬ್ಯಾಂಕುಗಳು ಒಂದೇ ತಿಂಗಳ ಅಂತರದಲ್ಲಿ ಸ್ವತಂತ್ರವಾಗಿ ನಿಲ್ಲುವ ಶಕ್ತಿ ಕಳೆದುಕೊಂಡವು.

ನಮ್ಮಲ್ಲಿ ಬ್ಯಾಂಕು ಕೊಳ್ಳುವ ಬಹಿರಂಗ ಪೈಪೋಟಿ ಅಪರೂಪ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ರಿಸರ್ವ್ ಬ್ಯಾಂಕು ಕಾನೂನಿನ ಬಲದಿಂದ ದುರ್ಬಲ ಬ್ಯಾಂಕುಗಳನ್ನು ಗಟ್ಟಿ ಬ್ಯಾಂಕುಗಳೊಳಗೆ ಸೇರಿಸಿತು. 1951ರಲ್ಲಿ 566 ಇದ್ದ ಬ್ಯಾಂಕುಗಳು 1960ರ ದಶಕ ಮುಗಿಯುವ ಮುನ್ನ ನೂರಕ್ಕಿಂತ ಕೆಳಗಿಳಿದವು. ಅಲ್ಲಿ ಉದ್ದೇಶ ಸ್ಪಷ್ಟವಿತ್ತು: ಠೇವಣಿದಾರನ ಹಣ ಉಳಿಸುವುದು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಅವಿಭಜಿತ ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದ ಮೂರು ಹೆಸರುಗಳು ಹೋದವು. ಆಗ ಎಲ್ಲೆಡೆ ಕೇಳಿದ ವಾದ ಒಂದೇ: ಬ್ಯಾಂಕು ದೊಡ್ಡದಾಗಬೇಕು. ರಾಯಲ್ ಬ್ಯಾಂಕ್ 2007ರ ಕೊನೆಗೆ ಆಸ್ತಿಯ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಬ್ಯಾಂಕುಗಳ ಸಾಲಿನ ಮುಂಭಾಗದಲ್ಲಿತ್ತು ಎಂಬುದನ್ನು ಆ ವಾದ ಮಾಡುವವರು ನೆನಪಿಡಬೇಕು.

2012ರ ಆರಂಭದಲ್ಲಿ ಗುಡ್‌ವಿನ್ ಅವರ ‘ಸರ್’ ಪದವಿಯನ್ನು ಹಿಂತೆಗೆದುಕೊಳ್ಳಲಾಯಿತು. 2020ರಲ್ಲಿ ಸಮೂಹ ತನ್ನ ಹೆಸರನ್ನು ನ್ಯಾಟ್‌ವೆಸ್ಟ್ ಎಂದು ಬದಲಿಸಿಕೊಂಡಿತು. ಬ್ರಿಟನ್ ಸರ್ಕಾರ ತನ್ನ ಕೊನೆಯ ಷೇರು ಮಾರಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ, ಸಾವಿರ ಕೋಟಿ ಪೌಂಡಿಗೂ ಹೆಚ್ಚಿನ ನಷ್ಟದೊಂದಿಗೆ. ಒಂದು ಸವಾಲಿನ ಲೆಕ್ಕ ಚುಕ್ತಾ ಆಗಲು ಹದಿನೇಳೂವರೆ ವರ್ಷ ಬೇಕಾಯಿತು.

ನಿಮ್ಮ ಹಣವಿರುವ ಬ್ಯಾಂಕು ಇನ್ನೊಂದನ್ನು ಕೊಳ್ಳುತ್ತದೆ, ಇಲ್ಲವೇ ಇನ್ನೊಂದರಲ್ಲಿ ಸೇರುತ್ತದೆ ಎಂಬ ಸುದ್ದಿ ಮುಂದೆಯೂ ಬರುತ್ತದೆ. ಆಗ ಎಷ್ಟನೇ ದೊಡ್ಡ ಬ್ಯಾಂಕಾಗುತ್ತದೆ ಎಂಬ ಸಾಲನ್ನು ದಾಟಿ ಮುಂದೆ ಓದಿ. ಷೇರು ಇದ್ದರೆ ಸಭೆಗೆ ಹೋಗಿ, ಇಲ್ಲದಿದ್ದರೆ ಪತ್ರ ಬರೆಯಿರಿ, ಕೇಳಿ: ಆ ಬ್ಯಾಂಕು ಕೊಟ್ಟಿರುವ ಸಾಲಗಳ ಕಾಗದಗಳನ್ನು ಯಾರು ನೋಡಿದ್ದಾರೆ, ಎಷ್ಟು ದಿನ ನೋಡಿದ್ದಾರೆ, ಏನು ಬರೆದುಕೊಟ್ಟಿದ್ದಾರೆ? ಉತ್ತರ ಸಿಗದಿದ್ದರೆ ಮತ ಕೊಡಬೇಡಿ.